ಗುಮಾಸ್ತನದಲ್ಲದ ಪುಟ

ಜೂನ್ ೪

ಕರಡು ತಿದ್ದುವ ಮಹಾಶಯರಿಗೆ,

ನಮಸ್ಕಾರ. ನಿಮ್ಮ ಮುದ್ರಣಾಲಯದಲ್ಲಿ ಈಗ ಅಚ್ಚಾಗುತ್ತಿರುವ ಹಳೆಯ ರಷ್ಯನ್ ಕಥೆಯನ್ನು ಅನುವಾದಿಸಿದವಳು ನಾನು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಕರಡಿನ ಅಂಚಿನಲ್ಲಿ ನಿಮ್ಮ ಕೆಂಪು ಶಾಯಿಯ ಪರಿಚಯ ಮಾತ್ರ ಆಗಿದೆ, ಅದೇ ಸಾಕುಸಾಕಾಗಿದೆ.

ಕಥೆ ಹೇಳುವವನು ಒಬ್ಬ ಮೊಹರು ಗುಮಾಸ್ತ. ಹದಿನೆಂಟು ವರ್ಷ ಒಂದೇ ಕಚೇರಿಯಲ್ಲಿ ಲಕೋಟೆಗಳಿಗೆ ಅರಗು ಹಾಕಿ ಮೊಹರು ಒತ್ತಿದವನು, ಮೈಯೆಲ್ಲ ವಿಷ. ಮೊದಲ ಸಾಲಿನಲ್ಲೇ ಓದುಗರಿಗೆ, "ನಿಮ್ಮನ್ನು ಕಂಡರೆ ನನಗಾಗದು, ಮಾನ್ಯರೇ" ಎನ್ನುತ್ತಾನೆ. ನೀವು ಅದನ್ನು "ನಿಮ್ಮ ಪರಿಚಯ ನನಗೆ ಸಾಲದು, ಮಾನ್ಯರೇ" ಎಂದು ತಿದ್ದಿದ್ದೀರಿ. ಮೇಲಧಿಕಾರಿಯನ್ನು ಅವನು ಹಂದಿ ಎಂದು ಬೈದರೆ, ನಿಮ್ಮ ಕೈಯಲ್ಲಿ ಆ ಹಂದಿ "ಸ್ಥೂಲಕಾಯರು" ಆಗಿದ್ದಾರೆ. ನೀವು ತಿದ್ದಬೇಕಾದದ್ದು ಅಚ್ಚಿನ ತಪ್ಪನ್ನು, ಗುಮಾಸ್ತನ ನಡತೆಯನ್ನಲ್ಲ.

ನಾಲ್ಕನೆಯ ಅಧ್ಯಾಯಕ್ಕೆ ಬಂದಾಗ ನನ್ನ ತಲೆ ಕೆಟ್ಟೇಹೋಯಿತು. ಗುಮಾಸ್ತ ಜ್ವರದಲ್ಲಿ ಮಲಗಿದ್ದಾನೆ. ಪಕ್ಕದ ಕೋಣೆಯ ಹೊಲಿಗೆಯವಳು ಬಾಗಿಲು ತಟ್ಟುತ್ತಾಳೆ. ಅವಳು ಬರಲಿ ಎಂದು ಎರಡು ದಿನದಿಂದ ಕಾದಿದ್ದವನು ಈಗ ಉಸಿರು ಬಿಗಿಹಿಡಿದು ಕೂರುತ್ತಾನೆ, ಅವಳು ಹೊರಟುಹೋಗುವವರೆಗೆ. ಇಡೀ ಕಥೆಯ ಮರ್ಮವೇ ಅದು. ಅಲ್ಲಿ, ಸರಿಯಾಗಿ ಎರಡು ವಾಕ್ಯಗಳ ನಡುವೆ, ಅಚ್ಚಾಗಿರುವುದು ಹೀಗೆ: "ತೆಗಿಯೋ ಬಾಗಿಲು, ಮುಠ್ಠಾಳ!"

ಇದನ್ನು ಹೇಳಿದವರು ಯಾರು ಸ್ವಾಮಿ? ಗುಮಾಸ್ತನಲ್ಲ, ಹೊಲಿಗೆಯವಳಲ್ಲ, ನಾನಂತೂ ಅಲ್ಲ. ಈ ಪುಸ್ತಕಕ್ಕೆ ಆರು ವರ್ಷ ಕೂತಿದ್ದೇನೆ. ಇದು ನನ್ನ ಮೊದಲನೆಯದು, ವಯಸ್ಸು ನೋಡಿದರೆ ಕೊನೆಯದೂ ಹೌದು. ಎಲ್ಲವನ್ನೂ ಇದ್ದ ಹಾಗೆ ಮಾಡಿಬಿಡಿ. ನಿಮ್ಮ ಮುದ್ರಣಾಲಯದ ಯಜಮಾನರವರೆಗೆ ಇದನ್ನು ಒಯ್ಯುವುದಿಲ್ಲ, ನಮ್ಮಿಬ್ಬರಲ್ಲೇ ಮುಗಿಯಲಿ.

ಇಂತಿ,
ಅನುವಾದಕಿ

ಜೂನ್ ೧೧

ಮಾನ್ಯರೇ,

ತಮ್ಮ ಪತ್ರ ಬಂತು. ಮೊದಲು ಆ ಬಾಗಿಲಿನ ವಿಷಯ. ಅದನ್ನು ಹೇಳಿದವನು ನಾನು.

ನಮ್ಮಲ್ಲಿ ಒಂದು ನಿಯಮವಿದೆ. ಕರಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಜೋಡಿಸಬೇಕು, ಪೆನ್ಸಿಲಿನಲ್ಲಿ ಬರೆದದ್ದನ್ನು ಬಿಡಬೇಕು. ಅಂಚಿನಲ್ಲಿ ಜಾಗ ಸಾಲದಿದ್ದರೆ ಹಾಳೆಯ ಹಿಂಬದಿಯಲ್ಲಿ ಬರೆಯುವುದು ವಾಡಿಕೆ. ಅಚ್ಚಿನ ಮೊಳೆ ಜೋಡಿಸುವ ಮೇಸ್ತ್ರಿ ಓದಿಕೊಂಡು ಜೋಡಿಸುವವನಲ್ಲ, ಅಕ್ಷರ ನೋಡಿಕೊಂಡು ಜೋಡಿಸುವವನು. ಓದುತ್ತಾ ಕುಳಿತರೆ ಅವನ ಕೈ ನಿಲ್ಲುತ್ತದೆ. ಆ ಪುಟಕ್ಕೆ ಬಂದಾಗ ನನಗೆ ತಡೆಯಲಾಗಲಿಲ್ಲ, ಗುಮಾಸ್ತನನ್ನು ಅಂಚಿನಲ್ಲೇ ಬೈದು ಬರೆದುಬಿಟ್ಟೆ. ಕೈಯಲ್ಲಿ ಪೆನ್ಸಿಲಿದೆ ಎಂದುಕೊಂಡಿದ್ದೆ. ತಪ್ಪು ನನ್ನದು, ತೆಗೆಸಿದ್ದೇನೆ. ಹಂದಿಯನ್ನೂ ಮತ್ತೆ ಹಂದಿ ಮಾಡಿಸಿದ್ದೇನೆ.

ಆದರೆ ಮಾನ್ಯರೇ, ಇಪ್ಪತ್ತಾರು ವರ್ಷದಿಂದ ಇನ್ನೊಬ್ಬರ ಪುಸ್ತಕ ಓದುತ್ತಿರುವವನು ನಾನು, ಒಂದು ಮಾತು ಹೇಳಲು ಅಪ್ಪಣೆ ಕೊಡಿ. ತಾವು ಗುಮಾಸ್ತನನ್ನು ಬರೀ ವಿಷ ಎಂದಿರಿ. ಹದಿನೆಂಟು ವರ್ಷ ಅವನು ಮೆಟ್ಟಿಲ ಮೇಲೆ ಅಧಿಕಾರಿಗೆ ನಮಸ್ಕಾರ ಹೇಳಿದ್ದಾನೆ, ಆತ ಒಂದು ದಿನ ತಲೆಯಾಡಿಸಿಲ್ಲ. ಅವನಿಗೊಂದು ಕುರ್ಚಿ ಕೊಟ್ಟರು, ಗೋಡೆಗೆ ಮುಖ ಮಾಡಿ. ಹಾಲು ಒಡೆದರೆ ಹಾಲನ್ನು ಬೈಯುತ್ತೇವೆಯೇ? ಪಾತ್ರೆ ತೊಳೆದದ್ದು ಯಾರು ಅನ್ನುತ್ತೇವೆ. ಅವನನ್ನು ಹಾಗೆ ಮಾಡಿದ್ದು ಆ ಕಚೇರಿ. ಅದಕ್ಕೇ ಅವನ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿದೆ, ಜನ ಅವನನ್ನು ಮೊದಲ ಸಾಲಿಗೇ ಬಿಟ್ಟುಹೋಗದಿರಲಿ ಎಂದು.

ನನಗೆ ಅಂಥ ಕಷ್ಟವಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ಅಲ್ಪವಿರಾಮ ಎಂದು ಕರೆಯುತ್ತಾರೆ, ಮಾತಿನ ಮಧ್ಯೆ ನಿಂತು ಯೋಚಿಸುತ್ತೇನಂತೆ. ಬೇಸರವಿಲ್ಲ. ನನ್ನ ಮೇಜು ಕಿಟಕಿಯ ಪಕ್ಕದಲ್ಲಿದೆ. ಕಣ್ಣು ಮೊದಲಿನಷ್ಟು ಚುರುಕಿಲ್ಲದಿದ್ದರೂ ಬೆಳಕು ಚೆನ್ನಾಗಿರುವುದರಿಂದ ಕೆಲಸ ನಡೆಯುತ್ತದೆ. ಬೆಳಕಿರುವವರೆಗೆ ನನ್ನ ನೌಕರಿಗೆ ಭಯವಿಲ್ಲ.

ವಿಧೇಯ,
ಕರಡು ತಿದ್ದುವವ

ಜೂನ್ ೧೯

ಮಹಾಶಯರೇ,

ನನ್ನನ್ನು "ಮಾನ್ಯರೇ" ಎನ್ನಬೇಡಿ. ನನ್ನ ಗುಮಾಸ್ತ ಓದುಗರನ್ನು ಹಂಗಿಸಲು ಬಳಸುವ ಮಾತು ಅದು. ನಿಮ್ಮ ಪತ್ರ ಓದುತ್ತಿದ್ದರೆ ಅವನೇ ಎದ್ದುಬಂದು ಕಾಗದ ಬರೆದ ಹಾಗಿದೆ.

ತಪ್ಪೊಪ್ಪಿಕೊಂಡದ್ದು ಸಂತೋಷ. ಆಮೇಲೆ ಒಂದು ಪುಟ ಉಪದೇಶ ಯಾಕೆ? ನಾನು ಈ ಕಥೆಯನ್ನು ಊಟದ ಮೇಜಿನ ಮೇಲೆ ಅನುವಾದಿಸಿದೆ. ದಿನಕ್ಕೆ ಮೂರು ಸಲ ಕಾಗದ ಎತ್ತಿಟ್ಟು ತಟ್ಟೆ ಹಾಕಬೇಕು, ಮತ್ತೆ ತಟ್ಟೆ ತೆಗೆದು ಕಾಗದ ಹರಡಬೇಕು. ನನ್ನ ನಿಘಂಟಿನಲ್ಲಿ ಹದಿನಾಲ್ಕು ಪುಟ ಇಲ್ಲ. ನಮ್ಮ ಅತ್ತೆ ವಾರಕ್ಕೊಮ್ಮೆ ಕೇಳುತ್ತಾರೆ, "ಆ ಗುಮಾಸ್ತ ಇನ್ನೂ ಸಾಯ್ಲಿಲ್ವೇನಮ್ಮಾ?" ಹಲ್ಲಿನ ಡಾಕ್ಟರಾದ ನನ್ನ ಯಜಮಾನರು, "ಸಾಯೋದಿಲ್ಲ ಬಿಡಮ್ಮ, ಅವನು ನಮ್ಮನ್ನೆಲ್ಲ ಕಳಿಸಿ ಹೋಗೋನು" ಎನ್ನುತ್ತಾರೆ. ಇಷ್ಟನ್ನು ನುಂಗಿಕೊಂಡು ಮುಗಿಸಿದ ಪುಸ್ತಕದಲ್ಲಿ ಮೂಗು ತೂರಿಸುವ ಹಕ್ಕು ನಿಮಗೆ ಯಾರು ಕೊಟ್ಟರು?

ಕಚೇರಿ ಮಾಡಿತು, ಸಮಾಜ ಮಾಡಿತು ಎಂದು ಹೇಳುವುದು ಸುಲಭ. ಅದೇ ಕಚೇರಿಯಲ್ಲಿ ಇನ್ನೂ ನಲವತ್ತು ಮಂದಿ ಇದ್ದರಲ್ಲ? ಅವರೆಲ್ಲ ಯಾಕೆ ಹಾಗಾಗಲಿಲ್ಲ? ಹುಟ್ಟುಗುಣ ಸುಟ್ಟರೂ ಹೋಗದು. ಇಂಥವರನ್ನು ನಾನು ಬಹಳ ಹತ್ತಿರದಿಂದ ಬಲ್ಲೆ. ಅವರಿಗೆ ಅಯ್ಯೋ ಪಾಪ ಅನ್ನುವವರು ಯಾವಾಗಲೂ ಹೊರಗಿನವರು, ಅವರ ಜೊತೆ ಒಂದೇ ಸೂರಿನಡಿ ಇದ್ದವರಲ್ಲ.

ಎರಡನೆಯ ಕರಡಿನಲ್ಲಿ ಅಕ್ಷರದೋಷ ಮಾತ್ರ ತಿದ್ದಿ. ನಿಮ್ಮ ಅಭಿಪ್ರಾಯ ನಿಮ್ಮಲ್ಲೇ ಇರಲಿ.

ಅನುವಾದಕಿ

ಜುಲೈ ೩

ಮಹನೀಯರೇ,

ಎರಡನೆಯ ಕರಡು ಇದರೊಂದಿಗೆ ಇದೆ. ಅಕ್ಷರದೋಷಗಳ ಹೊರತು ಯಾವುದನ್ನೂ ಮುಟ್ಟಿಲ್ಲ. ಅಭಿಪ್ರಾಯ ಏನೂ ಇಲ್ಲ.

ವಿಧೇಯ,
ಕರಡು ತಿದ್ದುವವ

ಜುಲೈ ೧೦

ಮಹಾಶಯರೇ,

ಇದೇನು ಮುನಿಸೋ, ಮುಷ್ಕರವೋ? ಮೊದಲು ಎರಡು ಪುಟ ಬರೆಯುತ್ತಿದ್ದವರು ಈಗ ಮೂರು ಸಾಲು. ಅದೂ ಪೋಸ್ಟರಿನ ಅಕ್ಷರದಷ್ಟು ದಪ್ಪ ದಪ್ಪ. ಮಕ್ಕಳಿಗೆ ಬರೆದ ಹಾಗೆ ನನಗೆ ಬರೆಯುವ ಅಗತ್ಯವಿಲ್ಲ.

ಮುನಿಸನ್ನು ಪತ್ರದಲ್ಲಿ ತೋರಿಸಿದರೆ ಸರಿ, ನನ್ನ ಪುಸ್ತಕದ ಮೇಲೆ ಯಾಕೆ ತೀರಿಸಿಕೊಳ್ಳುತ್ತೀರಿ? ಈ ಕರಡಿನಲ್ಲಿ ನಲವತ್ತೊಂದು ತಪ್ಪು ಹಾಗೇ ಉಳಿದಿವೆ. ಒಂದು ಪುಟದಲ್ಲಿ ಇಡೀ ಸಾಲು ತಲೆಕೆಳಗಾಗಿ ನಿಂತಿದೆ. ಇಪ್ಪತ್ತಾರು ವರ್ಷದ ಅನುಭವ ಎಂದು ಹೇಳಿಕೊಂಡಿದ್ದಿರಲ್ಲ, ಇದೇನಾ ಅದು? ನಮ್ಮ ಯಜಮಾನರಿಗೆ ತೋರಿಸಿದೆ. "ಪಾಪ, ಆತನಿಗೆ ಕನ್ನಡಕ ಬದಲಾಯಿಸೋಕೆ ಹೇಳು, ಕಣ್ಣಿಗೂ ಹಲ್ಲಿಗೂ ಜನ ಕೊನೇಗೇ ಡಾಕ್ಟರ ಹತ್ತಿರ ಬರೋದು" ಎಂದರು. ನಾನೂ ಅದನ್ನೇ ಹೇಳುತ್ತೇನೆ. ಕನ್ನಡಕ ಬದಲಾಯಿಸಿ, ಇಲ್ಲವೇ ಮನಸ್ಸು ಬದಲಾಯಿಸಿ.

ನನ್ನ ಪ್ರಶ್ನೆಗೂ ನೀವು ಉತ್ತರ ಕೊಟ್ಟಿಲ್ಲ. ಆ ನಲವತ್ತು ಮಂದಿ ಯಾಕೆ ಹಾಗಾಗಲಿಲ್ಲ? ಬಾಯಿ ಮುಚ್ಚಿಕೊಂಡರೆ ವಾದದಲ್ಲಿ ಗೆದ್ದ ಹಾಗಾಗುವುದಿಲ್ಲ.

ಅನುವಾದಕಿ

ಜುಲೈ ೨೨

ಮಹನೀಯರೇ,

ನಲವತ್ತೊಂದು ತಪ್ಪನ್ನೂ ಸರಿಪಡಿಸಲಾಗಿದೆ. ತಾವು ಗುರುತಿಸದ ಇನ್ನು ಆರು ಇದ್ದವು, ಅವೂ ಆಗಿವೆ. ಕನ್ನಡಕ ಸರಿಯಾಗಿಯೇ ಇದೆ.

ತಾವು ಕೇಳಿದ ಪ್ರಶ್ನೆಗೆ ವಿವರವಾಗಿ ಬೇರೆ ಪತ್ರ ಬರೆಯುತ್ತೇನೆ. ಈಗ ಕೊನೆಯ ಅಧ್ಯಾಯಗಳು ಜೋಡಣೆಗೆ ಹೋಗಬೇಕು.

ವಿಧೇಯ,
ಕರಡು ತಿದ್ದುವವ

ಆಗಸ್ಟ್ ೧೮

ಮಹಾಶಯರೇ,

ನಾಲ್ಕು ವಾರವಾಯಿತು. ವಿವರವಾದ ಪತ್ರ ಎಲ್ಲಿ? ಅಂಚೆಯವನನ್ನು ಕಂಡಾಗಲೆಲ್ಲ ಬಾಗಿಲಿಗೆ ಹೋಗುತ್ತೇನೆ. ಅತ್ತೆ, "ಯಾರದಮ್ಮಾ ಅಷ್ಟು ಕಾಯೋ ಪತ್ರ?" ಎಂದು ಕೇಳಿದರು. ಜಗಳದ ಪತ್ರ ಎಂದೆ. "ಹಾಗಿದ್ರೆ ಬಂದೇ ಬರುತ್ತೆ ಬಿಡು" ಎಂದರು. ಬರಲಿಲ್ಲ.

ಪುಸ್ತಕ ಬೇಗ ತರಬೇಕಾದ್ದರಿಂದ ಕೊನೆಯ ಕರಡನ್ನು ನನಗೆ ಕಳಿಸುವುದಿಲ್ಲವಂತೆ, ನಿಮಗೂ ಕೊಡದೆ ಮ್ಯಾನೇಜರೇ ನೋಡುತ್ತಾರಂತೆ. ನಿಮ್ಮ ಯಜಮಾನರು ಹೀಗೆಂದು ಕಾರ್ಡು ಹಾಕಿದ್ದಾರೆ. ನೀವಿದ್ದೂ ಮ್ಯಾನೇಜರು ಯಾಕೆ ನೋಡಬೇಕು? ನಿಮಗೆ ಮೈಗೆ ಸರಿಯಿಲ್ಲವೇ? ನಿಮ್ಮ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ನನ್ನ ಗುಮಾಸ್ತನನ್ನು ಗಮನವಿಟ್ಟು ಓದಿದವರು ನೀವೊಬ್ಬರೇ. ಹೀಗೆ ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೆ ಅದು ನಿಜ.

ಅನುವಾದಕಿ

ಸೆಪ್ಟೆಂಬರ್ ೨೧

ಕರಡು ತಿದ್ದುವವರಿಗೆ,

ಪುಸ್ತಕ ಬಂತು. ನಿನ್ನೆ ಭಾನುವಾರದ ಪತ್ರಿಕೆಯಲ್ಲಿ ವಿಮರ್ಶೆಯೂ ಬಂತು. ವಿಮರ್ಶಕರು ಒಂಬತ್ತನೆಯ ಅಧ್ಯಾಯದ ಕೊನೆಯ ಪುಟವನ್ನು ಹೊಗಳಿ, "ಇಡೀ ಕೃತಿಯ ಹೃದಯ ಇಲ್ಲಿದೆ" ಎಂದು ಅರ್ಧ ಪುಟ ಎತ್ತಿ ಹಾಕಿದ್ದಾರೆ. ನಮ್ಮ ಯಜಮಾನರು ಅದನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನೋಡು, ನಾನು ಸುಮ್ನೆ ನಗಾಡ್ತಿದ್ದೆ. ಎಂಥ ಪುಟ ಕಣೇ ಇದು!" ಎಂದರು. ಆರು ವರ್ಷದಲ್ಲಿ ಅವರು ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು.

ಆ ಪುಟ ನನ್ನದಲ್ಲ. ಮೂಲದಲ್ಲಿ ಅದು ಇಲ್ಲ. ಪುಟ ನೂರಹನ್ನೆರಡನ್ನು ನಿಮಗಾಗಿ ಇಲ್ಲಿ ನಕಲು ಮಾಡುತ್ತೇನೆ, ನೀವೇ ಓದಿಕೊಳ್ಳಿ:

"ಮಾನ್ಯರೇ, ನೀವು ಕೇಳಿದ್ದಕ್ಕೆ ಉತ್ತರ ಕೊಡಲು ತಡವಾಯಿತು. ಇಲ್ಲಿ ಕೆಳಗೆ ಹಗಲಲ್ಲೂ ದೀಪ ಬೇಕು. ಇಪ್ಪತ್ತಾರು ವರ್ಷ ನನ್ನ ಮೇಜಿನ ಎಡಗಡೆಗೆ ಮಧ್ಯಾಹ್ನದ ಬಿಸಿಲು ಬರುತ್ತಿತ್ತು, ನಾನು ಅದಕ್ಕೆ ಜಾಗ ಬಿಟ್ಟು ಕಾಗದ ಹರಡುತ್ತಿದ್ದೆ. ನಿಮ್ಮ ದೂರು ಬಂದ ದಿನ ಯಜಮಾನರು ಮೆಟ್ಟಿಲ ಮೇಲೆ ನಿಂತು ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. 'ತನ್ನ ಕೆಲಸ ಯಾವುದೆಂದು ಈತನಿಗೇ ತಿಳಿದಿಲ್ಲ' ಎಂಬ ಸಾಲನ್ನು ಎರಡು ಸಲ ಓದಿದರು. ಜನ ನಕ್ಕರು. ನಾನೂ ಅವರ ಜೊತೆ ನಕ್ಕೆ, ಅದನ್ನೇ ನನಗೆ ಇವತ್ತಿಗೂ ಸಹಿಸಲಾಗುತ್ತಿಲ್ಲ. ಸಂಜೆಯೊಳಗೆ ನನ್ನ ಮೇಜನ್ನು ಕೆಳಗಿಳಿಸಿ ನೆಲಮಾಳಿಗೆಯಲ್ಲಿ ಕಾಗದದ ಕಟ್ಟುಗಳ ನಡುವೆ ಇಟ್ಟರು.

"ಹುಟ್ಟುಗುಣ ಎನ್ನುತ್ತೀರಿ. ಆರು ವಾರದ ಹಿಂದೆ ನನಗೆ ಯಾರ ಮೇಲೂ ದ್ವೇಷವಿರಲಿಲ್ಲ. ಈಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಮೈ ಬಿಗಿಯುತ್ತದೆ. ಬಂದವರು ಮಾತಾಡಿಸಿದರೆ ಯಾಕೆ ಮಾತಾಡಿಸಿದರು ಎಂದು ಸಿಟ್ಟು, ಮಾತಾಡಿಸದೆ ಹೋದರೂ ಸಿಟ್ಟು. ನಲವತ್ತು ಮಂದಿ ಯಾಕೆ ಹಾಗಾಗಲಿಲ್ಲ ಎಂದು ಕೇಳಿದಿರಿ. ಅವರ ಮೇಜುಗಳನ್ನು ಯಾರೂ ಕೆಳಗಿಳಿಸಲಿಲ್ಲ, ಮಾನ್ಯರೇ. ಮೊನ್ನೆ ತಮ್ಮನ ಮಗಳು ಆಟಕ್ಕೆ ಬಾ ಎಂದು ಕೈ ಹಿಡಿದೆಳೆದಳು. ನಾನು ಕೈ ಕೊಡವಿದೆ. ಅವಳು ಅಳಲಿಲ್ಲ, ನನ್ನ ಮುಖ ನೋಡಿ ಹಿಂದಕ್ಕೆ ಸರಿದಳು. ಏಳು ವರ್ಷದ ಮಗು ನನ್ನನ್ನು ಕಂಡು ಹೆದರಿತು. ಇದು ಹುಟ್ಟುಗುಣವಾದರೆ ಇಷ್ಟು ವರ್ಷ ಎಲ್ಲಿತ್ತು? ನೀವು ದೂರು ಬರೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬರೆದೆ ಎಂದು ನನಗೆ ಯಾಕೆ ಹೇಳಲಿಲ್ಲ, ಅಷ್ಟನ್ನು ಕೇಳುತ್ತೇನೆ."

ನನ್ನ ಗುಮಾಸ್ತ ಹದಿನೆಂಟು ವರ್ಷ ದುಡಿದವನು, ಇಪ್ಪತ್ತಾರಲ್ಲ. ಅವನಿಗೆ ತಮ್ಮನೂ ಇಲ್ಲ, ತಮ್ಮನ ಮಗಳೂ ಇಲ್ಲ. ವಿಮರ್ಶಕರಿಗೆ ಅದು ತಿಳಿಯಲಿಲ್ಲ. ನನಗೆ ಎರಡನೆಯ ಸಾಲಿಗೇ ತಿಳಿಯಿತು.

ಏನು ಮಾಡಿದಿರಿ ನೀವು? ಇನ್ನೊಬ್ಬ ಲೇಖಕನ ಪುಸ್ತಕದಲ್ಲಿ, ನನ್ನ ಹೆಸರಿನ ಕೆಳಗೆ! ಬೈಯಬೇಕೆಂದು ಕುಳಿತೆ, ಮೂರು ಹಾಳೆ ಹರಿದೆ. ಇದಕ್ಕಿಂತ ಹೆಚ್ಚು ಬರೆಯಲು ಇವತ್ತು ಆಗುತ್ತಿಲ್ಲ.

ಅನುವಾದಕಿ

ಸೆಪ್ಟೆಂಬರ್ ೨೮

ಮಹನೀಯರೇ,

ತಮ್ಮ ಪತ್ರ ಓದಿದ ಮೇಲೆ ಪುಸ್ತಕ ತರಿಸಿ ನೋಡಿದೆ. ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ನಂಬುವುದು ಬಿಡುವುದು ತಮಗೆ ಸೇರಿದ್ದು.

ಅದು ತಮಗೆ ಬರೆದ ಪತ್ರದ ಕರಡು. ಆಗಸ್ಟ್ ಮೊದಲ ವಾರ, ಒಂಬತ್ತನೆಯ ಅಧ್ಯಾಯದ ಹಾಳೆ ಮುಂದಿತ್ತು, ಅದರ ಹಿಂಬದಿಯಲ್ಲಿ ಬರೆದೆ. ಆ ದೀಪದಲ್ಲಿ ಪೆನ್ಸಿಲಿನ ಅಕ್ಷರ ನನಗೆ ಕಾಣುವುದಿಲ್ಲ, ಅದಕ್ಕೆ ಕೆಂಪು ಶಾಯಿ. ಶುದ್ಧಪ್ರತಿ ಮಾಡೋಣವೆಂದು ಇಟ್ಟುಕೊಂಡೆ. ಅಷ್ಟರಲ್ಲಿ ಮೇಲಿನಿಂದ ಬಂದು ಹಾಳೆಗಳನ್ನು ಒಯ್ದರು. ಮೇಸ್ತ್ರಿಗೆ ಕೆಂಪು ಕಂಡಿತು, ಜೋಡಿಸಿದ. "ಮಾನ್ಯರೇ" ಎಂದೇ ಶುರುವಾಗಿತ್ತಲ್ಲ, ಅವನಿಗೆ ಅನುಮಾನ ಬರುವುದಾದರೂ ಹೇಗೆ? ಹೋದ ಹಾಳೆಯನ್ನು ಮೂರು ದಿನ ಹುಡುಕಿದೆ. ಕಸಕ್ಕೆ ಹೋಯಿತೆಂದು ಕೈಬಿಟ್ಟೆ. ಮತ್ತೊಮ್ಮೆ ಬರೆಯುವ ಉತ್ಸಾಹ ಇರಲಿಲ್ಲ. ಮ್ಯಾನೇಜರು ಕೊನೆಯ ಕರಡಿನಲ್ಲಿ ನೋಡಿದ್ದು ಪುಟಸಂಖ್ಯೆ ಮಾತ್ರವಂತೆ.

ಇಪ್ಪತ್ತಾರು ವರ್ಷದಲ್ಲಿ ಇಂಥ ತಪ್ಪು ಮಾಡಿದವನಲ್ಲ. ಈಗ ಸರಿಯಾದ ದಾರಿ ಒಂದೇ. ತಾವು ನಮ್ಮ ಯಜಮಾನರಿಗೆ ಬರೆಯಿರಿ. ಮಾರಾಟವಾಗದ ಪ್ರತಿಗಳಲ್ಲಿ ತಪ್ಪು ತಿಳಿಸುವ ಒಪ್ಪೋಲೆ ಅಂಟಿಸಲಿ, ಎರಡನೆಯ ಮುದ್ರಣದಲ್ಲಿ ಪುಟವನ್ನು ತೆಗೆಯಲಿ. ನನ್ನ ನೌಕರಿ ಹೋಗಬಹುದು. ಹೋಗಲಿ. ತಪ್ಪು ಕಂಡ ಮೇಲೆ ತಿದ್ದದೆ ಬಿಡುವುದು ನನ್ನಿಂದಾಗದು.

ವಿಧೇಯ,
ಕರಡು ತಿದ್ದುವವ

ಅಕ್ಟೋಬರ್ ೫

ಮಹಾಶಯರೇ,

ನಾನು ಬರೆಯುವುದಿಲ್ಲ. ಯೋಚಿಸಿ ಹೇಳುತ್ತಿದ್ದೇನೆ. ಆ ಪುಟ ಇರಲಿ. ನಿಮ್ಮ ನೌಕರಿಯೂ ಇರಲಿ. ನೀವು, ನಾನು ಬಾಯಿಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ನಿಜ ಹೇಳಬೇಕೆಂದರೆ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಪುಟ ಇನ್ನೊಂದಿಲ್ಲ. ಜನರಿಗೆ ಗುಮಾಸ್ತ ಅರ್ಥವಾದದ್ದೇ ಅಲ್ಲಿ. ನೀವು ಮೊದಲಿನಿಂದ ಹೇಳುತ್ತಿದ್ದುದೂ ಅದನ್ನೇ ಅಲ್ಲವೇ, ಅವನನ್ನು ಜನ ಬಿಟ್ಟುಹೋಗಬಾರದು ಎಂದು? ನಿಮ್ಮ ಮಾತೇ ಗೆದ್ದಿತು, ಸಂತೋಷಪಡಿ. ಮೇಲೆ ಬಿದ್ದು ನೌಕರಿ ಕಳೆದುಕೊಳ್ಳುವ ಹಟ ಯಾಕೆ? ತಾವೇ ಹೋಗಿ ಹೊಂಡಕ್ಕೆ ಬೀಳುವವರನ್ನು ಹಿಡಿಯುವುದು ಹೇಗೆ?

ಅನುವಾದಕಿ

ಅಕ್ಟೋಬರ್ ೧೩

ಮಹನೀಯರೇ,

ತಾವೂ ನಮ್ಮ ಮುದ್ರಣಾಲಯದ ಯಜಮಾನರೂ ಮಾತಾಡಿಕೊಂಡಿರಾ ಎಂಬ ಅನುಮಾನ ಬರುತ್ತಿದೆ. ತಮ್ಮ ಪತ್ರ ಬಂದ ದಿನವೇ ನಾನು ಮೇಲೆ ಹೋಗಿ ಎಲ್ಲವನ್ನೂ ಅವರಿಗೆ ಹೇಳಿದೆ. ಬೈಯುತ್ತಾರೆ, ಓಡಿಸುತ್ತಾರೆ ಎಂದು ಟಿಫಿನ್ ಡಬ್ಬಿಯನ್ನೂ ಕೈಯಲ್ಲೇ ಹಿಡಿದು ಹೋಗಿದ್ದೆ. ಅವರು ನಕ್ಕುಬಿಟ್ಟರು. "ಬಿಡ್ರೀ ಅಲ್ಪವಿರಾಮ, ಪೇಪರಿನೋರೇ ಹೊಗಳಿದ್ದಾರೆ, ನೀವ್ಯಾಕೆ ತಲೆ ಕೆಡಿಸ್ಕೋತೀರಿ? ಆ ಪುಟದಿಂದಾನೇ ಎರಡನೇ ಮುದ್ರಣ ಆಗ್ತಿರೋದು. ಬೇಕಿದ್ರೆ ಇನ್ನೂ ಎರಡು ಪುಟ ಬರ್ದುಕೊಡಿ" ಎಂದರು. ಮೇಜಿನ ಮಾತೆತ್ತಿದೆ. ಕಿಟಕಿಯ ಹತ್ತಿರ ಈಗ ಕಾಗದ ಕತ್ತರಿಸುವ ಯಂತ್ರ ಕೂತಿದೆಯಂತೆ.

ಈಗ ತಮಗೆ ಹೇಳುತ್ತೇನೆ, ಇನ್ನು ಮೆತ್ತಗೆ ಹೇಳುವುದಿಲ್ಲ. ಅದು ಗುಮಾಸ್ತನ ಪುಟ ಅಲ್ಲ! ನನ್ನ ಪತ್ರ. ತಮಗೆ ಬರೆದದ್ದು. ಅದರಲ್ಲಿ ಕೊನೆಗೆ ಒಂದು ಪ್ರಶ್ನೆ ಇದೆ. ಸಾವಿರ ಜನ ಅದನ್ನು ಓದಿದರು, ವಿಮರ್ಶಕರು ಹೊಗಳಿದರು, ತಮ್ಮ ಯಜಮಾನರು ಕನ್ನಡಕ ತೆಗೆದರು. ಯಾರಿಗೆ ಬರೆದಿತ್ತೋ ಅವರು ಮಾತ್ರ ಉತ್ತರ ಬರೆಯಲಿಲ್ಲ. ತಾವು ಆ ಪುಟವನ್ನು ನಕಲು ಮಾಡಿ ಕಳಿಸಿದಿರಿ, ಆಮೇಲೆ ಚೆನ್ನಾಗಿದೆ ಎಂದಿರಿ. ಒಬ್ಬ ಮನುಷ್ಯ ನೋವಾಯಿತು ಎಂದು ಹೇಳಿದಾಗ ಚೆನ್ನಾಗಿ ಹೇಳಿದಿರಿ ಅನ್ನುತ್ತಾರೆಯೇ?

ಎರಡನೆಯ ಮುದ್ರಣ ಮುಂದಿನ ತಿಂಗಳು ಹೋಗುತ್ತದೆ. ಆ ಪುಟ ಅದರಲ್ಲಿದ್ದರೆ ನಾನು ಅದರ ಕರಡು ಮುಟ್ಟುವುದಿಲ್ಲ, ಇಲ್ಲಿ ಉಳಿಯುವುದೂ ಇಲ್ಲ. ತೆಗೆಸುವ ಅಧಿಕಾರ ಇರುವುದು ತಮಗೊಬ್ಬರಿಗೆ. ನನ್ನ ಪತ್ರವನ್ನು ನನಗೆ ವಾಪಸು ಕೊಡಿ.

ಕರಡು ತಿದ್ದುವವ

ಅಕ್ಟೋಬರ್ ೨೬

ಮಾನ್ಯರೇ,

ಈ ಮಾತನ್ನು ಹಂಗಿಸಲು ಬರೆಯುತ್ತಿಲ್ಲ, ನಿಮ್ಮನ್ನು ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಆಗಸ್ಟ್ ಮೊದಲ ವಾರ ನೀವು ನನಗೆ ಬರೆದ ಪತ್ರಕ್ಕೆ ಉತ್ತರ ಇದು. ತಡವಾಯಿತು, ಕ್ಷಮಿಸಿ.

ಹೌದು, ದೂರು ಬರೆದದ್ದು ನಾನೇ. ಜೂನ್ ಹತ್ತೊಂಬತ್ತರಂದು, ನಿಮಗೆ ಪತ್ರ ಬರೆದ ಪೆನ್ನಿನಲ್ಲೇ, ಅದರ ಶಾಯಿ ಆರುವ ಮೊದಲೇ. ನಮ್ಮಿಬ್ಬರಲ್ಲೇ ಮುಗಿಯಲಿ ಎಂದಿದ್ದವಳು ನಾನೇ ಅಲ್ಲವೇ? ಅದಕ್ಕೆ ಕ್ಷಮಿಸಿ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀರಿ. ನಾಚಿಕೆಯಾಯಿತು. ಆಮೇಲೆ ನಿಮ್ಮ ಪತ್ರಗಳು ಸಣ್ಣದಾದಾಗ, ಏನೋ ಆಗಿದೆ ಎಂದು ಒಳಗೊಳಗೆ ಅನುಮಾನ ಬಂತು. ಕೇಳಿದರೆ ನನ್ನ ಬುಡಕ್ಕೇ ಬರುತ್ತದೆ ಎಂದು ಹೆದರಿ ಮುನಿಸು, ಮುಷ್ಕರ ಎಂದು ಜೋರು ಮಾಡಿದೆ. ಆ ಕನ್ನಡಕದ ಮಾತಿಗೆ ಕ್ಷಮಿಸಿ. ಬೆಳಕು ಕಿತ್ತುಕೊಂಡವಳೇ ಕಣ್ಣು ಸರಿಯಿಲ್ಲ ಎಂದು ಹಂಗಿಸಿದೆ.

ಇಂಥವರನ್ನು ಹತ್ತಿರದಿಂದ ಬಲ್ಲೆ ಎಂದು ಬರೆದಿದ್ದೆ. ಅವರು ನನ್ನ ಅಪ್ಪ. ಅವರೂ ಗುಮಾಸ್ತರೇ. ಹನ್ನೊಂದು ವರ್ಷ ಅಮ್ಮನ ಜೊತೆ ಒಂದು ಮಾತಾಡಲಿಲ್ಲ. ಏನು ಬೇಕಾದರೂ, "ನಿಮ್ಮಮ್ಮಂಗೆ ಹೇಳು" ಎಂದು ನನ್ನ ಕೈಯಲ್ಲಿ ಹೇಳಿಸುತ್ತಿದ್ದರು, ಅಮ್ಮ ಪಕ್ಕದಲ್ಲೇ ನಿಂತಿರುತ್ತಿದ್ದಳು. ಚಿಕ್ಕಪ್ಪ ಅದೇ ಮನೆಯಲ್ಲಿ ನಗುನಗುತ್ತಾ ಬದುಕಿದರು. ಅದಕ್ಕೇ ಹುಟ್ಟುಗುಣ ಎಂದು ನಾನು ತೀರ್ಮಾನಿಸಿದ್ದೆ. ಅಪ್ಪನ ಮೇಲಿನ ಸಿಟ್ಟು ಈಗಲೂ ಹೋಗಿಲ್ಲ, ಹೋಗಬೇಕೆಂದೂ ನನಗೆ ಅನ್ನಿಸುವುದಿಲ್ಲ. ಆದರೆ ಅವರ ಕಚೇರಿಯಲ್ಲಿ ಏನಾಗುತ್ತಿತ್ತು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಹುಟ್ಟುಗುಣ ಎಂದುಕೊಂಡರೆ ಕೇಳುವ ತಾಪತ್ರಯ ತಪ್ಪುತ್ತದೆ. ಆರು ವರ್ಷ ಇಂಥದೇ ಕಥೆಯನ್ನು ಸಾಲುಸಾಲಾಗಿ ಅನುವಾದಿಸಿದವಳಿಗೆ ಅದು ಹೊಳೆಯಲಿಲ್ಲ.

ನಿಮ್ಮ ಯಜಮಾನರಿಗೆ ಬರೆದಿದ್ದೇನೆ, ಈ ಸಲ ಅದರ ನಕಲನ್ನು ನಿಮಗೂ ಕಳಿಸಿದ್ದೇನೆ. ನೂರಹನ್ನೆರಡನೆಯ ಪುಟ ಹೋಗದಿದ್ದರೆ ಎರಡನೆಯ ಮುದ್ರಣಕ್ಕೆ ನನ್ನ ಒಪ್ಪಿಗೆ ಇಲ್ಲ. ಉಳಿದ ಪ್ರತಿಗಳಲ್ಲಿ, "ಈ ಪುಟ ಒಂದು ಖಾಸಗಿ ಪತ್ರ, ಕೈತಪ್ಪಿ ಸೇರಿದೆ, ಕಥೆಗೆ ಸೇರಿದ್ದಲ್ಲ" ಎಂದು ನನ್ನ ಹೆಸರಿನಲ್ಲೇ ಚೀಟಿ ಅಂಟಿಸಲು ಹೇಳಿದ್ದೇನೆ. ನಿಮ್ಮ ಮೇಜು ಮೇಲೆ ಬರಬೇಕೆಂದೂ ಬರೆದಿದ್ದೇನೆ. ಅದು ನನ್ನ ಕೈಯಲ್ಲಿಲ್ಲ ಎಂದು ಗೊತ್ತು. ನಮ್ಮ ಯಜಮಾನರಿಗೂ ನಿಜ ಹೇಳಿದೆ. ಅವರು, "ಹಾಗಾದ್ರೆ ನಾನು ಅತ್ತಿದ್ದು ಆ ಮನುಷ್ಯನಿಗೆ" ಎಂದರು.

ನಿಮ್ಮ ತಮ್ಮನ ಮಗಳ ವಿಷಯವೇ ನನ್ನನ್ನು ತಿನ್ನುತ್ತಿದೆ. ನಾನೂ ಅಪ್ಪನ ಮುಖ ನೋಡಿ ಹಿಂದಕ್ಕೆ ಸರಿದವಳೇ. ಆ ಮಗು ಹಾಗೆ ಸರಿದಿದ್ದು ನನ್ನಿಂದಾಗಿ. ಅದಕ್ಕೆ ನನ್ನನ್ನು ಕ್ಷಮಿಸಿ.

ಇಷ್ಟುದ್ದ ಬರೆದದ್ದಕ್ಕೂ ಕ್ಷಮಿಸಿ.

ಅನುವಾದಕಿ

ನವೆಂಬರ್ ೨

ಮಹನೀಯರೇ,

ಉತ್ತರ ಬಂತು. ಪುಟ ತೆಗೆದಾಗಿದೆ. ಯಜಮಾನರು ಎರಡು ದಿನ ಕೂಗಾಡಿ ಒಪ್ಪಿದರು. ಆ ಪುಟದ ಮೊಳೆಗಳನ್ನು ಮೇಸ್ತ್ರಿಯೇ ಬಿಚ್ಚಿ ಗೂಡುಗಳಿಗೆ ಹಾಕಿದ. ಹಾಕುವ ಮೊದಲು ಒಂದು ಸಲ ನಿಂತು ಓದಿದ. "ನಿಮ್ದಾ ಇದು? ಮೊದ್ಲೇ ಹೇಳ್ಬಾರ್ದಾ?" ಎಂದ. ಮೇಜು ಇನ್ನೂ ಕೆಳಗೇ ಇದೆ. ಯಂತ್ರ ಸರಿಸಿದ ಮೇಲೆ ನೋಡೋಣ ಎಂದಿದ್ದಾರೆ, ಸರಿಸುವ ಲಕ್ಷಣ ಕಾಣುತ್ತಿಲ್ಲ. ಸದ್ಯಕ್ಕೆ ಇನ್ನೊಂದು ದೀಪ ಕೊಟ್ಟಿದ್ದಾರೆ.

ತಮ್ಮ ಪತ್ರದಲ್ಲಿ "ಕ್ಷಮಿಸಿ" ಎಂದು ಐದು ಸಲ ಇದೆ. ಒಂದೇ ಪತ್ರಕ್ಕೆ ಅಷ್ಟು ಹೆಚ್ಚಾಯಿತು, ಇಷ್ಟು ವರ್ಷದ ಅಭ್ಯಾಸ, ತಿದ್ದದೆ ಇರಲಾಗಲಿಲ್ಲ. ತಡವಾದದ್ದಕ್ಕೆ ಬೇಡ, ನಾನೂ ತಡ ಮಾಡಿದವನೇ. ದೂರಿಗೆ ಬೇಡ, ದೂರು ಕೊಡಲು ತಮಗೆ ಹಕ್ಕಿತ್ತು. ಕನ್ನಡಕದ ಮಾತಿಗೆ ಆಗ ಸಿಟ್ಟು ಬಂದಿತ್ತು, ಈಗ ನಗು ಬರುತ್ತದೆ. ಉದ್ದ ಬರೆದದ್ದಕ್ಕಂತೂ ಬೇಡವೇ ಬೇಡ, ನನಗೆ ಅಷ್ಟುದ್ದದ ಪತ್ರ ಯಾರೂ ಬರೆದಿಲ್ಲ. ಈ ನಾಲ್ಕನ್ನೂ ಹೊಡೆದುಹಾಕಿದ್ದೇನೆ.

ತಮ್ಮನ ಮಗಳು ಈಗ ನನ್ನ ಕೋಣೆಯ ಬಾಗಿಲವರೆಗೆ ಬರುತ್ತಾಳೆ. ನಿಂತು ನೋಡುತ್ತಾಳೆ, ಒಳಗೆ ಬರುವುದಿಲ್ಲ. ಕರೆದರೆ ಓಡಿಹೋಗುತ್ತಾಳೆ, ಆದ್ದರಿಂದ ನಾನು ಕರೆಯದೆ ಸುಮ್ಮನೆ ಕೂರುತ್ತೇನೆ. ಎಷ್ಟು ದಿನ ಬೇಕೋ ಗೊತ್ತಿಲ್ಲ. ಅವಳ ವಿಷಯಕ್ಕೆ ತಾವು ಬರೆದದ್ದನ್ನು ಹೊಡೆದುಹಾಕಿಲ್ಲ. ಅದು ಇರಬೇಕಾದ್ದು.

ವಿಧೇಯ,
ಕರಡು ತಿದ್ದುವವ